ದೊಡ್ಡವ್ವ ಕತ್ತರಿಸದ ದಾರ

ನಾನು ನಿಂತಿದ್ದದ್ದು ಮಗ್ಗದ ಎಡಗಡೆ, ಗೋಡೆಗೂ ಮಗ್ಗದ ಗುಂಡಿಗೂ ನಡುವೆ, ಒಬ್ಬ ಮನುಷ್ಯ ಅಡ್ಡಡ್ಡ ನಿಂತರೆ ಮಾತ್ರ ಹಿಡಿಸುವ ಜಾಗದಲ್ಲಿ. ಗೋಡೆಯ ಗೂಟ ಬೆನ್ನಿಗೆ ಒತ್ತುತ್ತಿತ್ತು. ಹೋದ ವರ್ಷದ ತೈ ತಿಂಗಳು, ಪೊಂಗಲ್ ಕಳೆದ ವಾರ, ಬೆಳಗಿನ ಹೊತ್ತು. ಹೆಂಚುಗಳ ನಡುವೆ ಕೂರಿಸಿದ ಗಾಜಿನಿಂದ ಬಿಸಿಲು ಇಳಿದು ದೊಡ್ಡವ್ವನ ಮೊಣಕೈವರೆಗೆ ಬಂದಿತ್ತು. ನಾನಿದ್ದಲ್ಲಿಂದ ಅವಳ ಎರಡೂ ಕೈಗಳು ಕಾಣುತ್ತಿದ್ದವು. ಎಡಗೈಯಲ್ಲಿ ದಾರದ ತುದಿಗಳಿದ್ದವು. ಬಲಗೈಯಲ್ಲಿ ಏನೂ ಇರಲಿಲ್ಲ. ಕತ್ತರಿ ನೆಲದ ಮೇಲಿತ್ತು. ಅವಳು ಅದನ್ನು ಮುಟ್ಟಲಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಿಮ್ಮಲ್ಲಿ ಯಾರಾದರೂ ಆ ಸಾಕ್ಷ್ಯಚಿತ್ರವನ್ನು ನೋಡಿದ್ದರೆ, ಅವಳು ಕತ್ತರಿಸುವುದನ್ನು ನೋಡಿದ್ದೀರಿ. ಆಮೇಲೆ ಗೋಡೆಗೆ ಒರಗಿದ ದಪ್ಪ ಮೀಸೆಯ ಮನುಷ್ಯನೊಬ್ಬ ಕಣ್ಣು ತಗ್ಗಿಸಿ, ಇನ್ನೇನು ಮಾಡಲಾದೀತು ಎಂಬಂತೆ, ನಿಧಾನವಾಗಿ ತಲೆಯಾಡಿಸುವುದನ್ನೂ ನೋಡಿದ್ದೀರಿ. ಆ ಮನುಷ್ಯ ನಾನು.

ಮೊನ್ನೆ ಸೋಮವಾರ, ಕೊಯಮತ್ತೂರಿಗೆ ಅಂಟಿಕೊಂಡ ಪೋತ್ತನೂರಿನ ನನ್ನ ಅಂಗಡಿಗೆ ರೈಲ್ವೆ ಕ್ವಾರ್ಟರ್ಸಿನ ಹೆಂಗಸೊಬ್ಬಳು ಕತ್ತರಿ ಕೊಳ್ಳಲು ಬಂದಳು. ನನ್ನದು ಬಟನ್ನು, ಲೇಸು, ಜಿಪ್ಪು, ಸೀರೆಯ ಫಾಲು ಮಾರುವ ಸಣ್ಣ ಅಂಗಡಿ. ಹೊಲಿಗೆಯವರು ಕತ್ತರಿಯನ್ನು ಕಣ್ಣಿನಿಂದ ಆರಿಸುವುದಿಲ್ಲ, ಕಿವಿಯಿಂದ ಆರಿಸುತ್ತಾರೆ. ಅವಳು ಅಲ್ಲಿದ್ದ ತುಂಡು ಬಟ್ಟೆಯನ್ನು ಎತ್ತಿ ಒಂದೇ ಸಮನೆ ಉದ್ದಕ್ಕೂ ಕತ್ತರಿಸಿದಳು. ಚರ್ರ್ ಎಂಬ ಆ ಸದ್ದಿಗೆ ನನ್ನ ಕೈಯಲ್ಲಿದ್ದ ಬಟನ್ ಡಬ್ಬ ಬಿತ್ತು. ಬಟನ್ನುಗಳು ರಸ್ತೆಯವರೆಗೆ ಉರುಳಿದವು.

"ಏನಣ್ಣಾ, ನಿಮ್ಮ ಅಂಗಿಯನ್ನೇನೂ ಕತ್ತರಿಸಲಿಲ್ಲವಲ್ಲ" ಎಂದು ತಮಿಳಿನಲ್ಲಿ ನಕ್ಕಳು.

ನಾನೂ ನಕ್ಕು ಮೊಣಕಾಲೂರಿ ಬಟನ್ ಹೆಕ್ಕಿದೆ. ಕತ್ತರಿ ಮಾರುವವನು ಕತ್ತರಿಯ ಸದ್ದಿಗೆ ಬೆಚ್ಚುವುದೆಂದರೆ ಹೋಟೆಲಿನವನು ಇಡ್ಲಿ ಕಂಡು ಬೆಚ್ಚಿದಂತೆ. ಆದರೆ ಆ ಸದ್ದನ್ನು ನಾನು ಅಂಗಡಿಯಲ್ಲಿ ಮಾತ್ರ ಕೇಳಿದ್ದಲ್ಲ. ಕೊಯಮತ್ತೂರಿನ ಕಾಲೇಜೊಂದರ ಸಭಾಂಗಣದ ಕತ್ತಲೆಯಲ್ಲೂ ಕೇಳಿದ್ದೆ. ಅಂದು ಕೇಳಿದ್ದರಿಂದ ಆದದ್ದೆಲ್ಲ ಇನ್ನೂ ಮುಗಿದಿಲ್ಲ.

ಕನ್ನಡದಲ್ಲಿ ಬರೆಯುತ್ತಿದ್ದೇನೆಂದು ನನ್ನನ್ನು ಓದಿದವನೆಂದು ತಿಳಿಯಬೇಡಿ. ನಮ್ಮ ಮನೆಮಾತು ಕನ್ನಡವಾದರೂ ನಮ್ಮ ಬೀದಿಯಲ್ಲಿ ಕನ್ನಡ ಅಕ್ಷರ ಬಲ್ಲವರಿಲ್ಲ. ನಾನು ಕಲಿತದ್ದು ಮದುವೆಯಾದ ಮೇಲೆ. ಹೆಂಡತಿ ಮಂಜುಳಾ ಕೊಳ್ಳೇಗಾಲದವಳು. ಹೊಸದರಲ್ಲಿ ತವರಿಗೆ ಅವಳು ಬರೆಯುತ್ತಿದ್ದ ಕಾಗದಗಳಲ್ಲಿ ನನ್ನ ಬಗ್ಗೆ ಏನಿದೆಯೋ ಎಂಬ ಭಯಕ್ಕೆ ಅಕ್ಷರ ಕಲಿತೆ. ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ನನ್ನ ಹೆಸರೂ ಇರಲಿಲ್ಲ. ಇದನ್ನು ಓದಿ ತಿದ್ದುವವಳೂ ಅವಳೇ.

ದೊಡ್ಡವ್ವ ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ, ಚೌಡವ್ವ. ಮಡತ್ತುಕುಳಂ ಹತ್ತಿರ, ಅಮರಾವತಿ ನದಿಯ ಕಾಲುವೆ ಕಾಣುವಂಥ, ನಾನೂ ಹುಟ್ಟಿ ಬೆಳೆದ ನೇಕಾರರ ಬೀದಿಯಲ್ಲಿ ಅವಳ ಮನೆ. ಮಗ ಸೊಸೆ ಇಬ್ಬರೂ ಬನಿಯನ್ ಕಂಪನಿಯ ಬಸ್ಸು ಹತ್ತಿ ತಿರುಪ್ಪೂರಿಗೆ ಹೋಗಿಬರುತ್ತಾರೆ. ಮನೆಯಲ್ಲಿ ಯಾವಾಗಲೂ ಗದ್ದಲ. ಟಿ.ವಿ. ಒಂದು ಕಡೆ, ಗ್ರೈಂಡರ್ ಒಂದು ಕಡೆ, ನಡುವೆ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತ ದೊಡ್ಡವ್ವನ ಮಗ್ಗದ ಟಕ್ ಟಕ್. ಸೀರಿಯಲ್ಲಿನ ಅತ್ತೆ ಏನಾದರೂ ಕೆಟ್ಟದ್ದು ಮಾಡಿದರೆ ಮಗ್ಗ ಸ್ವಲ್ಪ ಜೋರಾಗಿ ಬಡಿಯುತ್ತಿತ್ತು.

ಮಗ್ಗದ ಒಂದು ಪದ್ಧತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬಟ್ಟೆಗೆ ಉದ್ದುದ್ದ ಹಾಸುವ ಎಳೆಗಳನ್ನು ನಾವು ಪಾವು ಎನ್ನುತ್ತೇವೆ. ಕನ್ನಡನಾಡಿನಲ್ಲಿ ಅದು ಹಾಸು ಎಂದು ಮಂಜುಳಾ ಹೇಳುತ್ತಾಳೆ. ಒಂದು ಪಾವು ನೇಯ್ದು ಮುಗಿದಾಗ ಸೀರೆಯನ್ನು ಬಿಡಿಸಿಕೊಳ್ಳುತ್ತೇವೆಯೇ ಹೊರತು ಮಗ್ಗವನ್ನು ಬರಿದು ಮಾಡುವುದಿಲ್ಲ. ಬಾಚಣಿಗೆಯಂತೆ ಹಲ್ಲುಗಳಿರುವ ಅಚ್ಚಿನಲ್ಲಿ ಹಳೆಯ ಪಾವಿನ ಗೇಣುದ್ದ ಹಾಗೇ ಉಳಿಯುತ್ತದೆ. ಹೊಸ ಪಾವಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸೆದು ಸೇರಿಸಬೇಕು. ಎಲ್ಲ ನೇಕಾರರಿಗೂ ಇದು ಕೆಲಸ ಹಗುರ ಮಾಡುವ ಉಪಾಯ. ನಮ್ಮ ಮನೆಯಲ್ಲಿ ಉಪಾಯಕ್ಕಿಂತ ಹೆಚ್ಚಿನದು. ಮೈಸೂರು ಸೀಮೆಯಿಂದ ಬಂದ ಹಿರಿಯರು ಮಗ್ಗ ಹೊತ್ತು ತರಲಾರದೆ, ಅಚ್ಚನ್ನೂ ಅದರಲ್ಲಿದ್ದ ಗೇಣುದ್ದದ ದಾರವನ್ನೂ ಬಟ್ಟೆಯಲ್ಲಿ ಸುತ್ತಿ ತಂದರಂತೆ. ಅಂದಿನಿಂದ ಇಂದಿನವರೆಗೆ ಒಂದಕ್ಕೊಂದು ಸೇರುತ್ತ ಬಂದಿದೆ. ಆ ಮೊದಲ ದಾರದ ಒಂದು ನೂಲೂ ಈಗ ಉಳಿದಿರಲಾರದು. ಆದರೂ ಅದು ತುಂಡಾಗಿಲ್ಲ ಎಂಬುದೇ ದೊಡ್ಡವ್ವನ ಲೆಕ್ಕ.

ಅಚ್ಚು ಬರಿದಾಗುವುದು ಒಂದೇ ಒಂದು ಸಲ, ಆ ಮಗ್ಗದಲ್ಲಿ ಕೂತವರು ತೀರಿಕೊಂಡಾಗ. ಆಗ ಮನೆಯವರು ಪಾವನ್ನು ಅಡ್ಡಲಾಗಿ ಕತ್ತರಿಸಿ, ಅಚ್ಚಿನಿಂದ ಎಳೆದು ತೆಗೆದು, ಅದರ ಒಂದೆಳೆಯನ್ನು ಸತ್ತವರ ಕೈಗೆ ಕಟ್ಟುತ್ತಾರೆ. ದೊಡ್ಡಪ್ಪ ಸತ್ತಾಗ ಅವರ ಮಗ್ಗಕ್ಕೆ ಹಾಗೆ ಮಾಡಿದ್ದೆವು. ಹಿರಿಯರ ಆ ದಾರ ಅವರ ಮಗ್ಗಕ್ಕೆ ಹೋಗಿದ್ದದ್ದು ದೊಡ್ಡವ್ವನ ಮಗ್ಗದಿಂದಲೇ. ಅವಳದು ಉಳಿದಿದ್ದರಿಂದ ಕುಲದ ದಾರ ಉಳಿಯಿತು.

ನಂದಿತಾ ಎಂಬ ಹುಡುಗಿ ಬೆಂಗಳೂರಿನಿಂದ ಕ್ಯಾಮೆರಾ ತಂಡದೊಂದಿಗೆ ಬಂದದ್ದು ಇಂಥ ಮನೆಗೆ. ತಂಡವೆಂದರೆ ಅವಳು, ಕ್ಯಾಮೆರಾದ ಜೋಸೆಫ್, ಇಬ್ಬರೇ. ಕೈಮಗ್ಗದ ನೇಕಾರರ ಮೇಲೆ ಸಾಕ್ಷ್ಯಚಿತ್ರ ಮಾಡಬೇಕೆಂದಳು. ಅವಳು ಬಾಗಿಲಲ್ಲಿ ನಿಂತು "ಅಮ್ಮಾ, ಒಳಗೆ ಬರಬಹುದಾ?" ಎಂದ ಒಂದು ಮಾತಿಗೇ ದೊಡ್ಡವ್ವ ಸೋತುಹೋದಳು. ಹೊರಗಿನಿಂದ ಬರುವವರೆಲ್ಲ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಮಾತಾಡುವ ಬೀದಿ ಅದು.

"ನೋಡು ಕಣ್ಣು, ಎಷ್ಟು ಅಳಗಾಗಿ ನಮ್ಮ ಮಾತು ಆಡ್ತಾಳೆ! ಒಂದು ತಮಿಳು ಮಾತೂ ಕಲಸದೆ!" ಎಂದು ನನ್ನ ಕಡೆ ತಿರುಗಿ ಹೇಳಿದಳು. ಅವಳಿಗೆ ಪ್ರೀತಿಯವರೆಲ್ಲ ಕಣ್ಣು. ಚೆಂದ ಎನ್ನಲು ತಾನು ಬಳಸಿದ ಅಳಗು ತಮಿಳಿನ ಮಾತೆಂದು ಅವಳಿಗೆ ಯಾರೂ ಹೇಳಲು ಹೋಗಲಿಲ್ಲ.

ನಾನು ಅಂಗಡಿಯನ್ನು ಮಂಜುಳಾಗೆ ಒಪ್ಪಿಸಿ ಬಂದು ಅಲ್ಲೇ ಠಿಕಾಣಿ ಹೂಡಿದೆ. ಸಿನಿಮಾದಲ್ಲಿ ಬರುತ್ತೇನೆಂಬ ಆಸೆಗೆ ಹೊಸ ಅಂಗಿ ಹಾಕಿಕೊಂಡಿದ್ದೆ. ನಂದಿತಾ ನೋಡಿ, "ಸರ್, ಸ್ವಲ್ಪ ಹಳೇದು ಏನಾದ್ರೂ ಇದೆಯಾ?" ಎಂದಳು. ದೊಡ್ಡವ್ವನ ಮಗನ ಮಾಸಿದ ಅಂಗಿ ಹಾಕಿಕೊಂಡೆ. ಆಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಹೊರಗೆ ಹೋದವು. ಟಿ.ವಿ.ಗೆ ಬೆಡ್‌ಶೀಟ್ ಬಿತ್ತು. ಮಗ ಸೊಸೆಯರಿಗೆ ರಜೆಯ ದಿನವೂ ಹಿತ್ತಲಲ್ಲೇ ಇರುವಂತಾಯಿತು. ಕ್ಯಾಮೆರಾಕ್ಕಾಗಿ ದೊಡ್ಡವ್ವ ಬೀದಿಯ ಕೊನೆಯಿಂದ ಮತ್ತೆ ಮತ್ತೆ ನೀರು ಹೊತ್ತು ತಂದಳು. ಮನೆಯ ಒಳಗೇ ನಲ್ಲಿ ಇದೆ ಎಂದು ಅವಳು ಹೇಳಿದಾಗ ನಂದಿತಾ, "ಗೊತ್ತಮ್ಮ, ಆದ್ರೆ ಮೊದಲು ತರ್ತಿದ್ರಲ್ಲ?" ಎಂದಳು. ತರುತ್ತಿದ್ದದ್ದು ನಿಜ. ಹೀಗಾಗಿ ಯಾವುದೂ ಸುಳ್ಳೆನ್ನುವಂತಿರಲಿಲ್ಲ.

ನನಗೆ ಇದೆಲ್ಲ ಬಹಳ ಹಿಡಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಕಾಫಿ ಕುಡಿಯುವಾಗ ಅವಳು ಹೇಳಿದ್ದಳು. "ಸರ್, ಬರೀ ಮಾಹಿತಿ ಕೊಟ್ರೆ ಜನ ಎದ್ದು ಹೋಗ್ತಾರೆ. ನೋಡೋರಿಗೆ ಒಬ್ರು ಮನುಷ್ಯ ಬೇಕು. ಆ ಮನುಷ್ಯನಿಗೆ ಏನೋ ಒಂದು ಪ್ರಾಣಕ್ಕಿಂತ ಹೆಚ್ಚಾಗಿರ್ಬೇಕು. ಅದು ಕೈತಪ್ಪೋ ಹಾಗಿರ್ಬೇಕು. ಆಮೇಲೆ ಒಂದು ಕೊನೆ ಬೇಕು."

"ಕೊನೆ ಎಲ್ಲಿದೆ? ದೊಡ್ಡವ್ವ ನಾಳೆಯೂ ನೇಯ್ತಾಳಲ್ಲ" ಎಂದೆ.

"ಅದೇ ನನ್ನ ಕಷ್ಟ" ಎಂದು ನಕ್ಕಳು.

ಅವಳನ್ನು ಕೆಟ್ಟವಳೆಂದು ತಿಳಿಯಬೇಡಿ. ನಮ್ಮ ಬೀದಿಯ ನಿಂತುಹೋದ ಮಗ್ಗಗಳನ್ನು ನಾನೇ ಅವಳಿಗೆ ಒಂದೊಂದಾಗಿ ತೋರಿಸಿದ್ದೆ. ಒಂದರ ಮೇಲೆ ಕೋಳಿ ಕಾವಿಗೆ ಕೂತಿತ್ತು. ಅದನ್ನು ನೋಡಿ ಅವಳ ಕಣ್ಣಲ್ಲಿ ನೀರು ಬಂದದ್ದನ್ನೂ ನಾನು ಕಂಡಿದ್ದೇನೆ.

ಇನ್ನು ಆ ಬೆಳಿಗ್ಗೆ. ಹಿಂದಿನ ದಿನವೇ ಪಾವು ಮುಗಿದು ಸೀರೆ ಬಿಡಿಸಿಯಾಗಿತ್ತು. ಅಚ್ಚಿನಲ್ಲಿ ಗೇಣುದ್ದದ ತುದಿಗಳು ನೇತಾಡುತ್ತಿದ್ದವು. ಹೊಸ ಪಾವು ಪಕ್ಕದಲ್ಲಿ ಸುತ್ತಿಟ್ಟಿತ್ತು. ದೊಡ್ಡವ್ವ ಬೂದಿಯ ಕರಟವನ್ನು ಹತ್ತಿರ ಎಳೆದುಕೊಂಡು ಎಡಗೈಯಲ್ಲಿ ತುದಿಗಳನ್ನು ಹಿಡಿದಳು. ಪಕ್ಕದ ಮನೆಯ ಪಳನಿಯಮ್ಮ ನಮ್ಮ ಅಂಗಳದಲ್ಲಿ ಏನೋ ಹರಡಿಕೊಂಡಿದ್ದವಳು ಮಜ್ಜಿಗೆ ತಂದು ಬಾಗಿಲಲ್ಲಿ ನಿಂತಿದ್ದಳು. ಆಗ ನಂದಿತಾ ಕತ್ತರಿಯನ್ನು ದೊಡ್ಡವ್ವನ ಮುಂದಿಟ್ಟು ಮೆತ್ತಗೆ ಕೇಳಿದಳು.

"ಅಮ್ಮಾ, ಹೊಸದು ಸೇರಿಸೋಕೆ ಮೊದಲು ಇದನ್ನೊಂದ್ಸಲ ಕತ್ತರಿಸಿ ತೆಗೀತೀರಾ? ಖಾಲಿ ಮಗ್ಗ ಒಂದು ನಿಮಿಷ ಬೇಕು. ಆಮೇಲೆ ನೀವು ಏನು ಬೇಕಾದ್ರೂ ಕಟ್ಟಿಕೊಳ್ಳಿ."

ದೊಡ್ಡವ್ವ ಕತ್ತರಿಯನ್ನು ನೋಡಿದಳು. ಹುಡುಗಿಯನ್ನು ನೋಡಿದಳು.

"ಅದು ಸತ್ತಾಗ ಮಾಡೋದು ಕಣ್ಣು."

"ಸುಮ್ನೆ ಚಿತ್ರಕ್ಕೆ ಅಮ್ಮಾ."

"ಚಿತ್ರಕ್ಕೆ ಬೇಕಂದ್ರೆ ಸಾಯೋಕಾಗ್ತದಾ? ನಾನು ಸತ್ತಾಗ ಬಾ. ಅವತ್ತು ಇವರೇ ಕತ್ತರಿಸ್ತಾರೆ. ಚೆನ್ನಾಗಿ ತೆಕ್ಕೋ. ನಾನು ಬ್ಯಾಡ ಅನ್ನೋಲ್ಲ."

ಪಳನಿಯಮ್ಮ ಬಾಗಿಲಲ್ಲಿ ಗೊಳ್ಳೆಂದು ನಕ್ಕಳು. ನಂದಿತಾಳ ಮುಖ ಕೆಂಪಾಯಿತು. ಅವಳು ಕತ್ತರಿಯನ್ನು ಎತ್ತಿಕೊಂಡು, ಬಗ್ಗಿ ದೊಡ್ಡವ್ವನ ಕಾಲು ಮುಟ್ಟಿದಳು. ಮನಸಾರೆ ಮುಟ್ಟಿದಳೆಂದೇ ಇಂದಿಗೂ ನಂಬಿದ್ದೇನೆ. ದೊಡ್ಡವ್ವ ಬೂದಿಯ ಕೈಯಲ್ಲೇ ಅವಳ ತಲೆ ಸವರಿ, ಎಳೆ ಹೊಸೆಯಲು ಶುರುಮಾಡಿದಳು. ಜೋಸೆಫ್ ಅದನ್ನು ಚಿತ್ರಿಸಿಕೊಂಡ. ಸೊಸೆ ಹಿತ್ತಲಿನಿಂದ ಇಣುಕಿ ನನ್ನನ್ನು, ಕಾಫಿ ಬೇಕಾ ಮಾಮಾ, ಎಂದು ಸನ್ನೆಯಲ್ಲಿ ಕೇಳಿದಳು. ಹಾಲು ಕಡಿಮೆ ಇದೆಯೆಂದು ನನಗೆ ಗೊತ್ತಿತ್ತು. ಆದರೂ ಬೇಕಿತ್ತು. ನಾಚಿಕೆಯಿಂದ ಕಣ್ಣು ತಗ್ಗಿಸಿ, ನಿಧಾನವಾಗಿ, ಆಗಲಿ ಎಂದು ತಲೆಯಾಡಿಸಿದೆ.

ಆರು ತಿಂಗಳ ಮೇಲೆ ಕೊಯಮತ್ತೂರಿನಲ್ಲಿ ಚಿತ್ರ ತೋರಿಸಿದರು. ದೊಡ್ಡವ್ವ ಮೊದಲ ಸಾಲಿನಲ್ಲಿ, ಮದುವೆಗೆ ಉಡುವ ಸೀರೆಯಲ್ಲಿ. ಪಕ್ಕದಲ್ಲಿ ನಾನು. ಚಿತ್ರ ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಹುಟ್ಟಿದಾಗಿನಿಂದ ನೋಡಿದ ಆ ಮನೆಯನ್ನು ನಾನು ಅಂದೇ ಮೊದಲು ನೋಡಿದೆನೇನೋ ಅನ್ನಿಸಿತು. ಪಾವು ಸೇರಿಸುವ ದೃಶ್ಯ ಮೊದಲ ಭಾಗದಲ್ಲೇ ಬಂತು, ಹಿಂದೆ ಹೀಗೆಲ್ಲ ಇತ್ತು ಎನ್ನುವ ಹಾಗೆ. ಬೂದಿ ಮೆತ್ತಿದ ಬೆರಳುಗಳು ಪರದೆಯ ತುಂಬ. ನಡುವೆ ಕೋಳಿ ಕೂತ ಮಗ್ಗ. ಕೊನೆಗೆ ಮನೆಯ ಹೆಂಚು. ಹೆಂಚಿನ ಮೇಲೆ ಮಳೆಯ ಸದ್ದು. ಒಳಗೆ ನಸುಗತ್ತಲು. ಎರಡು ಕೈಗಳು, ದಾರದ ತುದಿಗಳು, ಒಂದು ಕತ್ತರಿ.

ಕತ್ತರಿ ಆಡಿತು. ಎಳೆಗಳು ಬಿದ್ದವು. ಬರಿದಾದ ಅಚ್ಚಿನ ಹಲ್ಲುಗಳ ನಡುವೆ ಬೆಳಕು ಕಂಡಿತು.

ನನಗೆ ಅಳು ಬಂತು. ಅಲ್ಲಿ ನಿಂತಿದ್ದವನು ನಾನು, ಅವಳು ಕತ್ತರಿ ಮುಟ್ಟಲಿಲ್ಲವೆಂದು ಬಲ್ಲವನು ನಾನು, ಆ ನಾನೇ ಅತ್ತುಬಿಟ್ಟೆ. ಮೊದಲು ಎಚ್ಚೆತ್ತದ್ದು ಕಿವಿ. ಬಿಡಿ ದಾರ ಕತ್ತರಿಸಿದರೆ ಸದ್ದೇ ಬರುವುದಿಲ್ಲ, ಹೆಚ್ಚೆಂದರೆ ಮೆಲ್ಲನೆ ಕಿಚ್ ಎನ್ನುತ್ತದೆ. ಅಲ್ಲಿ ಕೇಳಿದ್ದು ಚರ್ರ್. ಟೈಲರುಗಳ ದೊಡ್ಡ ಕತ್ತರಿ ಬಟ್ಟೆಯ ಮೇಲೆ ಹರಿಯುವ ಸದ್ದು, ನನ್ನ ಅಂಗಡಿಯ ಸದ್ದು. ಆಮೇಲೆ ಕಣ್ಣು ಎಚ್ಚೆತ್ತಿತು. ಮಗ್ಗದ ಹಲಗೆಗೆ ಸಿಕ್ಕಿ ದೊಡ್ಡವ್ವನ ಕಿರುಬೆರಳು ಚಿಕ್ಕಂದಿನಲ್ಲೇ ಸೊಟ್ಟಗಾಗಿತ್ತು. ಪರದೆಯ ಮೇಲಿನ ಕಿರುಬೆರಳು ನೆಟ್ಟಗಿತ್ತು.

ಅದು ಸುಳ್ಳೆಂದು ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪರದೆಯ ಮೇಲೆ ನನ್ನ ಮುಖವೇ ಬಂತು. ಕಣ್ಣು ತಗ್ಗಿಸಿ, ನಿಧಾನವಾಗಿ ತಲೆಯಾಡಿಸಿತು.

ದೀಪ ಹತ್ತಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆ ಗದ್ದಲದಲ್ಲಿ ಪರದೆಯ ಮೇಲೆ ಹರಿದುಹೋದ ಸಣ್ಣ ಅಕ್ಷರಗಳಲ್ಲಿ, ಕೆಲವು ದೃಶ್ಯಗಳನ್ನು ಮತ್ತೆ ಸೃಷ್ಟಿಸಲಾಗಿದೆ ಎಂಬ ಸಾಲೂ ಇತ್ತೆಂದು ಆಮೇಲೆ ತಿಳಿಯಿತು. ಅದು ಇಂಗ್ಲಿಷಿನಲ್ಲಿತ್ತು. ದೊಡ್ಡವ್ವನಿಗೆ ಶಾಲು ಹೊದಿಸಿದರು. ಅವಳು ಶಾಲಿನೊಳಗಿಂದ ಕೈಗಳನ್ನು ಈಚೆ ತೆಗೆದು, ಮಡಿಲಲ್ಲಿಟ್ಟುಕೊಂಡು, ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಕಾರು ಪೊಳ್ಳಾಚಿ ದಾಟಿತು. ಆಮೇಲೆ ಕೇಳಿದಳು.

"ನಾನು ಯಾವಾಗ ಕತ್ತರಿಸ್ದೆ ಕಣ್ಣು?"

"ನೀನು ಕತ್ತರಿಸಲಿಲ್ಲ ದೊಡ್ಡವ್ವ. ಅದು ಬೇರೆ ಯಾರದೋ ಕೈ."

"ಹಂಗಾ" ಎಂದಳು. "ಸೀಲೆ ನಂದೇ ಇತ್ತಲ್ಲ." ಅವಳ ಬಾಯಲ್ಲಿ ಸೀರೆಗೆ ಸೀಲೆ. ಆ ತರಹದ ಸೀರೆ ಯಾವ ಅಂಗಡಿಯಲ್ಲೂ ಸಿಗುತ್ತದೆ ಎಂದೆ.

ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮರುದಿನ ಅವಳು ಎಂದಿನಂತೆ ಮಗ್ಗಕ್ಕೆ ಇಳಿದಳು. ಕೆಲವು ವಾರಗಳ ಮೇಲೆ ಆ ಕೊನೆಯ ದೃಶ್ಯವನ್ನು ಮಾತ್ರ ಯಾರೋ ಕತ್ತರಿಸಿ ನಮ್ಮ ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದರು. ಊರವರು ನೋಡಿ ಕಣ್ಣೊರೆಸಿಕೊಂಡರು. ಸತ್ಯಮಂಗಲದ ಕಡೆಯ ದೂರದ ಬಂಧುಗಳು ಬೇರೆಯದನ್ನು ನೋಡಿದರು. ಅವರೂ ನಮ್ಮ ಹಾಗೆ ನೇಕಾರರು. ಚೌಡವ್ವನ ಮನೆ, ಚೌಡವ್ವನ ಮಗ್ಗ, ಕತ್ತರಿಸಿದ ಪಾವು, ಬರಿದಾದ ಅಚ್ಚು, ತಲೆತಗ್ಗಿಸಿದ ಮೈದುನನ ಮಗ. ನಮ್ಮವರಿಗೆ ಅದರ ಅರ್ಥ ಒಂದೇ. ಯಾರೂ ಫೋನು ಮಾಡಿ ಕೇಳಲಿಲ್ಲ. ಸಾವಿನ ಮನೆಗೆ ಕೇಳಿಕೊಂಡು ಹೋಗುವ ರೂಢಿ ನಮ್ಮಲ್ಲಿಲ್ಲ.

ಆ ಭಾನುವಾರ ನಾನು ಅಲ್ಲೇ ಇದ್ದೆ. ಬೀದಿಯ ತಿರುವಿನಲ್ಲಿ ವ್ಯಾನ್ ನಿಂತಿತು. ಹೆಂಗಸರು ಇಳಿದವರೇ ತಲೆಗೂದಲು ಬಿಚ್ಚಿ, ಎದೆ ಬಡಿದುಕೊಂಡು, ಹಾಡಿ ಅಳುತ್ತ ನಡೆದು ಬಂದರು. "ನಮ್ಮ ಚೌಡವ್ವಾ, ದಾರ ಬಿಟ್ಟು ಹೋದೆಯಾ" ಎಂದು ಒಬ್ಬಳು ಎತ್ತಿದರೆ ಉಳಿದವರು ಕೂಡಿಸುತ್ತಿದ್ದರು. ಹಿಂದೆ ಗಂಡಸೊಬ್ಬ ಮಾರುದ್ದದ ಹಾರ ಹಿಡಿದಿದ್ದ. ದೊಡ್ಡವ್ವ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಳು ಕೇಳಿ ಮೊರ ಕೆಳಗಿಟ್ಟು, ಸೆರಗು ಹೊದ್ದು, ತಾನೂ ಅಳುವುದಕ್ಕೆ ಸಿದ್ಧಳಾಗಿ ಬೀದಿಗೆ ಇಳಿದಳು.

"ಯಾರೇ ಹೋಗ್ಬಿಟ್ಟೋರು?" ಎಂದು ಕೇಳಿದಳು.

ಹಾಡುತ್ತಿದ್ದವಳ ಬಾಯಿ ತೆರೆದೇ ಇತ್ತು. ಹಾರದವನು ಹಾರವನ್ನು ಬೆನ್ನ ಹಿಂದಕ್ಕೆ ಒಯ್ದ. ಅದು ಎರಡೂ ಕಡೆ ಇಣುಕುತ್ತಿತ್ತು. ದೊಡ್ಡವ್ವ ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು, ಹಾರವನ್ನು ನೋಡಿದಳು. ಅವಳಿಗೆ ಅರ್ಥವಾದ ಗಳಿಗೆಯನ್ನು ನಾನು ಕಂಡೆ. ಅದನ್ನು ಬಣ್ಣಿಸಲಾರೆ.

ಮೊದಲು ನಕ್ಕವಳು ಅವಳೇ. "ಬನ್ನಿ ಬನ್ನಿ, ನಾನೇ ಹೋಗಿ ನಾನೇ ಬಂದೆ. ಕಾಪಿ ಕುಡೀರಿ." ಎಲ್ಲರೂ ನಕ್ಕರು, ತಬ್ಬಿದರು, ಮತ್ತೆ ಅತ್ತರು. ಆದರೆ ಸಾವಿಗೆಂದು ಹೊರಟು ಬಂದವರು ಆ ಮನೆಯಲ್ಲಿ ನೀರು ಮುಟ್ಟುವಂತಿಲ್ಲ, ಮಿಂದು ಹೋಗಬೇಕು. ಲೋಟಗಳು ಜಗುಲಿಯ ಮೇಲೆ ಸಾಲಾಗಿ ಕೂತು ಕೆನೆಗಟ್ಟಿದವು. "ನಾನು ಸತ್ತಿಲ್ಲಡೀ, ಕುಡಿ" ಎಂದು ಹಿರಿಯ ಹೆಂಗಸೊಬ್ಬಳಿಗೆ ದೊಡ್ಡವ್ವ ಲೋಟವನ್ನು ಕೈಗೇ ಕೊಟ್ಟಳು. ಆಕೆ ಲೋಟ ಹಿಡಿದುಕೊಂಡು ನೆಲ ನೋಡಿದಳು. ಕುಡಿಯಲಿಲ್ಲ. ಅವರು ಹೋದ ಮೇಲೆ ನೋಡಿದರೆ ಹಾರ ಹಿತ್ತಲಿನ ನಲ್ಲಿಗೆ ನೇತಾಡುತ್ತಿತ್ತು. ಎಲ್ಲಿಡಬೇಕೆಂದು ಅವರಿಗೂ ತೋಚಿರಲಿಕ್ಕಿಲ್ಲ.

ಅಂದಿನಿಂದ ದೊಡ್ಡವ್ವ ಮಗ್ಗಕ್ಕೆ ಇಳಿಯಲಿಲ್ಲ. ಅರ್ಧ ನೇಯ್ದ ಸೀರೆಯ ಮೇಲೆ ಹಳೆಯ ಪಂಚೆ ಹೊದಿಸಿದಳು.

ನಂದಿತಾಗೆ ಫೋನು ಮಾಡಿದೆ. ಹಾರದ ವಿಷಯ ಹೇಳಿದೆ. "ಅಮ್ಮ ಹೇಗಿದ್ದಾರೆ?" ಎಂದಳು. ಆಮೇಲೆ, ಕಣ್ಣೀರಿನ ದನಿಯಲ್ಲೇ, ವಾದಿಸಿದಳು. "ಸರ್, ಅದು ಅಮ್ಮನ ಕೈ ಅಂತ ನಾವು ಎಲ್ಲೂ ಹೇಳಿಲ್ಲ."

"ಹೇಳಿಲ್ಲ" ಎಂದೆ.

"ಮಗ್ಗಗಳು ನಿಲ್ತಾ ಇರೋದು ಸುಳ್ಳಾ?"

"ಸುಳ್ಳಲ್ಲ."

"ಆ ಚಿತ್ರ ನೋಡಿ ಎಷ್ಟು ಜನ ಅತ್ತಿದ್ದಾರೆ ಗೊತ್ತಾ ಸರ್?"

ಗೊತ್ತಿತ್ತು. ನಾನೂ ಅವರಲ್ಲೊಬ್ಬ. ಆ ದೃಶ್ಯವನ್ನು ತೆಗೆಯಲು ನೋಡುತ್ತೇನೆ ಎಂದಳು. ಈಗಾಗಲೇ ಎಷ್ಟು ಫೋನುಗಳಲ್ಲಿದೆಯೋ ಅದನ್ನು ಯಾರು ತೆಗೆಯಬೇಕು?

ಚಿತ್ರ ನೋಡಿದವರು ದೊಡ್ಡವ್ವನನ್ನು ನೋಡಲು ಬರತೊಡಗಿದರು. ಕಾಲೇಜಿನ ಮಕ್ಕಳು, ಕಾರಿನಲ್ಲಿ ಬರುವ ದಂಪತಿಗಳು. ಎಲ್ಲರದೂ ಒಂದೇ ಪ್ರಶ್ನೆ, ಕತ್ತರಿಸುವಾಗ ಏನನ್ನಿಸಿತು? ಮೊದಮೊದಲು "ನಾನು ಕತ್ತರಿಸಿಲ್ಲ" ಎನ್ನುತ್ತಿದ್ದಳು. ಬಂದವರ ಮುಖ ಬಾಡುತ್ತಿತ್ತು. ಮನೆಗೆ ಬಂದವರ ಮುಖ ಬಾಡಿಸಿ ಕಳಿಸುವುದು ಅವಳ ಜಾಯಮಾನವಲ್ಲ. "ಏನ್ ಹೇಳೋದು ಸಾಮಿ" ಎಂದು ನಿಲ್ಲಿಸತೊಡಗಿದಳು. ಅಷ್ಟು ಹೇಳಿದರೆ ಅವರಿಗೆ ಸಾಕಾಗುತ್ತಿತ್ತು. ನಾನದನ್ನು ಅವಳ ಮರ್ಯಾದೆಯೆಂದು ತಿಳಿದಿದ್ದೆ. ದೀಪಾವಳಿಗೆ ಹೋದಾಗ ಮಂಜುಳಾ, ಮಗ್ಗ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದಳು.

"ಕತ್ತರಿಸಿಯಾಯ್ತಲ್ಲಮ್ಮ" ಎಂದಳು ದೊಡ್ಡವ್ವ. "ಇದು ಆಮೇಲೆ ಹಾಕಿದ ಪಾವು. ಬೇರಿಲ್ಲದ್ದು. ಇದನ್ನ ನೇಯ್ದರೆಷ್ಟು ಬಿಟ್ಟರೆಷ್ಟು. ಅವತ್ತು ಎಂಥ ಮಳೆ ಗೊತ್ತಾ? ಹೆಂಚಿನ ಮೇಲೆ ಚಟಚಟ ಅಂತಿತ್ತು. ಕೈ ನಡುಗ್ತಿತ್ತು ನನಗೆ."

"ದೊಡ್ಡವ್ವ, ಅವತ್ತು ಮಳೆಯೇ ಇರಲಿಲ್ಲ. ನಾನು ಅಲ್ಲೇ ಇದ್ದೆ."

"ನೀನಿದ್ದೆ ಕಣ್ಣು. ಕತ್ತರಿಸ್ಲಾ ಅಂತ ನಿನ್ನ ಕಡೆ ನೋಡ್ದೆ. ನೀನು ತಲೆ ಆಡಿಸ್ದೆ."

ಅವಳು ನನ್ನನ್ನು ದೂರುತ್ತಿರಲಿಲ್ಲ. ನೆನಪಿನಲ್ಲಿದ್ದದ್ದನ್ನು ಹೇಳುತ್ತಿದ್ದಳು, ಅಷ್ಟೇ. ಅಚ್ಚಿನಲ್ಲಿ ಗಂಟು ತೋರಿಸೋಣವೆಂದರೆ ಗಂಟುಗಳಿರಲಿಲ್ಲ. ಅವು ಇರುವುದು ಹೊಸ ಪಾವಿನ ಮೊದಲ ಗೇಣಿನಲ್ಲಿ. ಆ ಗೇಣು ಮೊದಲ ಸೀರೆಯ ಜೊತೆ ಎಂದೋ ಹೊರಟುಹೋಗಿತ್ತು. ಚಿತ್ರವನ್ನೇ ತೋರಿಸೋಣವೆಂದರೆ ಅದರಲ್ಲಿ ಸೇರಿಸಿದ್ದು ಮೊದಲು, ಕತ್ತರಿಸಿದ್ದು ಆಮೇಲೆ. ಉಳಿದದ್ದು ನನ್ನ ಬಾಯಿಮಾತು. ಅದನ್ನೂ ನನ್ನ ಮುಖವೇ ಪರದೆಯ ಮೇಲಿಂದ ಅಲ್ಲಗಳೆಯುತ್ತಿತ್ತು. ಆ ರಾತ್ರಿ ಮಲಗಿದಾಗ ಹೆಂಚಿನ ಮೇಲೆ ಮಳೆ ಕೇಳಿದ ಹಾಗಾಯಿತು. ನಾನೇ ಮರೆತಿದ್ದೇನೆಯೇ? ಮಂಜುಳಾಳನ್ನು ಕೇಳಿದರೆ, "ನಾನು ಅಂಗಡಿಯಲ್ಲಿದ್ದೆ" ಎಂದಳು. ಅವಳು ಇಲ್ಲದ್ದನ್ನು ಹೇಳುವವಳಲ್ಲ.

ಮೊನ್ನೆ ಕತ್ತರಿಯ ಸದ್ದಿಗೆ ಡಬ್ಬ ಬಿದ್ದು, ರಸ್ತೆಯಲ್ಲಿ ಮೊಣಕಾಲೂರಿ ಬಟನ್ ಹೆಕ್ಕುವಾಗ ನನಗೆ ಹೊಳೆದದ್ದು ಇಷ್ಟೇ. ಆ ಬೆಳಿಗ್ಗೆಯನ್ನು ನೋಡಿದವರಲ್ಲಿ ಚಿತ್ರವನ್ನು ನೋಡದೆ ಉಳಿದವರು ಒಬ್ಬರಿದ್ದಾರೆ. ಸೊಸೆಯೂ ಆ ತುಣುಕನ್ನು ಫೋನಿನಲ್ಲಿ ಎಷ್ಟೋ ಸಲ ನೋಡಿದವಳೇ. ಪಳನಿಯಮ್ಮನ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಕೊಯಮತ್ತೂರಿಗೆ ಕರೆದಾಗ, ದಿನವೂ ನೋಡುವ ಮುಖವನ್ನು ಅಷ್ಟು ದೂರ ಹೋಗಿ ಯಾಕೆ ನೋಡಬೇಕೆಂದು ಬಂದಿರಲಿಲ್ಲ.

ಅಂಗಡಿಯ ಶಟರ್ ಎಳೆದು ಬಸ್ಸು ಹತ್ತಿದೆ.

ಹೋದಾಗ ಅವಳು ದೊಡ್ಡವ್ವನ ಅಂಗಳದಲ್ಲೇ ಇದ್ದಳು. ಮತ್ತೆ ತೈ ತಿಂಗಳು. ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರಡಿ ಕಾಲಿನಿಂದ ಕೆದಕುತ್ತಿದ್ದಳು. ಘಾಟಿಗೆ ನನಗೆ ಸೀನು ಬಂತು. ದೊಡ್ಡವ್ವ ಜಗುಲಿಯಲ್ಲಿ ಕೂತಿದ್ದಳು. ನಾನು ಕುಳಿತುಕೊಳ್ಳದೆಯೇ ಕೇಳಿದೆ. ಪಳನಿಯಮ್ಮನ ಮಾತೆಲ್ಲ ತಮಿಳಿನಲ್ಲಿತ್ತು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಅಕ್ಕ ಕತ್ತರಿಸೋದಾ? ಇವಳಾ? ಕತ್ತರಿ ಇಟ್ಟ ಹುಡುಗಿಯ ಜಡೆ ಕತ್ತರಿಸಲಿಲ್ಲವಲ್ಲ, ಅದೇ ಹೆಚ್ಚು!"

"ಮಳೆ ಬರ್ತಿತ್ತು ಪಳನಿ" ಎಂದಳು ದೊಡ್ಡವ್ವ, ಮೆಲ್ಲಗೆ.

ಪಳನಿಯಮ್ಮ ಕೆದಕುವುದನ್ನು ನಿಲ್ಲಿಸಿದಳು. ನಿಜವಾಗಿಯೂ ಅವಮಾನವಾದವಳ ಹಾಗೆ ಸೊಂಟಕ್ಕೆ ಕೈಯಿಟ್ಟಳು. "ಮಳೆಯಾ? ಏನಕ್ಕಾ, ಮಳೆ ಬಂದಿದ್ದರೆ ನನ್ನ ಮೆಣಸಿನಕಾಯಿ ಏನಾಗಬೇಕಿತ್ತು? ಆ ದಿನ ಇದೇ ಅಂಗಳದ ತುಂಬ ಹರಡಿದ್ದೆ. ಕ್ಯಾಮೆರಾ ಹುಡುಗ ಸೀನಿ ಸೀನಿ ಮೂಗು ಒರೆಸಿಕೊಂಡು, ಇದನ್ನು ತೆಗೀರಿ ಅಂತ ಗೋಗರೆದ. ಬಿಸಿಲು ಬಿಟ್ಟು ಎಲ್ಲಿಗೆ ತೆಗೀಲಿ ಅಂತ ಜಗಳ ಆಡಿದೆ. ನೀನೇ ಅಲ್ಲವಾ, ಪಾಪ ಹುಡುಗ, ಒಂದು ಗಳಿಗೆ ಗೋಣಿ ಮುಚ್ಚು ಅಂದದ್ದು? ಮಳೆಯಂತೆ! ಒಂದು ಕಾಯಿ ಕೊಳೆತಿದ್ದರೆ ಇಷ್ಟು ಹೊತ್ತಿಗೆ ನಿನಗೆ ಲೆಕ್ಕ ಕೇಳುತ್ತಿರಲಿಲ್ಲವಾ ನಾನು?"

ಅವಳ ದನಿಗೆ ಎದುರು ಮನೆಯ ನಾಯಿ ಎದ್ದುಹೋಯಿತು. ದೊಡ್ಡವ್ವ ಮೆಣಸಿನಕಾಯಿಗಳನ್ನೇ ನೋಡುತ್ತಿದ್ದಳು. ಆ ನೋಟವನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ, ವ್ಯಾನು ಬಂದ ದಿನ, ಮುಖಗಳನ್ನು ಒಂದೊಂದಾಗಿ ನೋಡುವಾಗ.

"ಸೀನಿದ" ಎಂದಳು ಕೊನೆಗೆ. "ಗೋಣಿ... ಹೌದು. ಗೋಣಿ ಹುಡುಕಿ ಕೊಟ್ಟೆ." ಆಮೇಲೆ, ಯಾರಿಗೂ ಅಲ್ಲದೆ, "ಹಂಗಾದ್ರೆ ಆ ಮಳೆ ಯಾವುದು?" ಎಂದು ಕೇಳಿದಳು.

ಅದು ಕತೆಗೆ ಬೇಕಾಗಿತ್ತಂತೆ ಎಂದು ಹೇಳಬಹುದಿತ್ತು.

ಅವಳು ಎದ್ದು ಒಳಗೆ ಹೋದಳು. ನಾನು ಹಿಂದೆ ಹೋಗಿ ಹಳೆಯ ಜಾಗದಲ್ಲೇ, ಗೂಟಕ್ಕೆ ಬೆನ್ನು ಕೊಟ್ಟು ನಿಂತೆ. ಅವಳು ಮಗ್ಗದ ಮೇಲಿನ ಪಂಚೆಯನ್ನು ಮಡಿಚಿದಳು. ಗುಂಡಿಗೆ ಇಳಿಯಲಿಲ್ಲ. ಅಂಚಿನಲ್ಲಿ ಕೂತು, ಪಾವಿನ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಇದ್ದಳು. ನನ್ನ ಕಡೆ ನೋಡಿದಾಗ ನಾನು ತಲೆಯಾಡಿಸಲಿಲ್ಲ. ಅಷ್ಟು ಮಾತ್ರ ಎಚ್ಚರ ವಹಿಸಿದೆ. "ನೀನು ಕತ್ತರಿಸಲಿಲ್ಲ ದೊಡ್ಡವ್ವ" ಎಂದು ಬಾಯಿಬಿಟ್ಟು ಹೇಳಿದೆ.

ಅವಳು ನಾಳೆ ನೇಯುತ್ತಾಳೋ ಇಲ್ಲವೋ ತಿಳಿಯದು. ನಾನು ಬಸ್ಸಿಗೆ ಹೊರಟಾಗ, ಒಲೆಯಲ್ಲಿ ಬೂದಿ ಇದೆಯಾ ನೋಡು ಎಂದು ಸೊಸೆಗೆ ಹೇಳುತ್ತಿದ್ದಳು. ಮನೆಯಲ್ಲಿರುವುದು ಗ್ಯಾಸ್. ಪಳನಿಯಮ್ಮನ ಮನೆಯಿಂದ ತರಬೇಕು.

ಈಗ ಅಂಗಡಿಯಲ್ಲಿ ಕೂತು ಇದನ್ನು ಬರೆದು ಮುಗಿಸುತ್ತಿದ್ದೇನೆ. ಆ ಬೆಳಿಗ್ಗೆಯನ್ನು ಕಂಡವರು ಇವರು. ಬಾಗಿಲಲ್ಲಿ ಮಜ್ಜಿಗೆ ಹಿಡಿದು ನಿಂತಿದ್ದ ಪಳನಿಯಮ್ಮ. ಹಿತ್ತಲಿನಿಂದ ಇಣುಕಿ ಕಾಫಿ ಕೇಳಿದ ಸೊಸೆ. ಕ್ಯಾಮೆರಾದ ಹಿಂದೆ ಸೀನುತ್ತಿದ್ದ ಜೋಸೆಫ್. ಕತ್ತರಿಯನ್ನು ಇಟ್ಟು ಎತ್ತಿಕೊಂಡ ನಂದಿತಾ. ಗೋಡೆಯ ಬದಿಯಲ್ಲಿ ನಾನು. ಮತ್ತು ದೊಡ್ಡವ್ವ, ಚೌಡವ್ವ. ಬಿಸಿಲಿತ್ತು, ಅವಳು ಕತ್ತರಿಯನ್ನು ಮುಟ್ಟಲಿಲ್ಲ, ಅವಳೂ ಅದನ್ನು ನೋಡಿದ್ದಾಳೆ. ಬದುಕಿದ್ದಾಳೆ.